ಎಂಜಿನ್ನಿನ ಕಿಂಡಿಗೆ ಬಿರಡೆ

ಬಯಲಿನ ಅಂಚಿನ ತಗಡಿನ ಶೆಡ್ಡಿನಲ್ಲಿ ಮತ್ತೆ ಅದೇ ಗೋಳು. ಪುಟ್ಟ ವಿಮಾನದ ಮೂತಿಯ ಕೆಳಗೆ ಒಣಹುಲ್ಲು ಬಿದ್ದಿತ್ತು. ಎಂಜಿನ್ನಿಗೆ ಗಾಳಿ ಹೋಗುವ ಕಿಂಡಿಗಳು ಬಾಯಿ ಬಿಟ್ಟುಕೊಂಡಿದ್ದವು. ಅವಕ್ಕೆ ಹಾಕಬೇಕಾದ ಕೆಂಪು ಸ್ಪಂಜಿನ ಬಿರಡೆಗಳು ಬೆಂಚಿನ ಮೇಲಿದ್ದವು. ಬೆಂಚು ಗಟ್ಟಿ ಎಂದು ಪೈಲಟ್ ಸಾಹೇಬರು ಅವನ್ನೇ ಮೆತ್ತೆ ಮಾಡಿಕೊಂಡು ಕೂತು ಊಟ ಮುಗಿಸಿದ್ದರು.

ಮೆಕ್ಯಾನಿಕ್ಕಿಗೆ ಮೈಯೆಲ್ಲ ಉರಿಯಿತು. ಪೈಲಟ್ ಅವಳ ಅಕ್ಕನ ಗಂಡ. ವಿಮಾನ ಹಾರಿಸುವುದು ಅವನ ಕೆಲಸ, ರಿಪೇರಿ ಇವಳದು. ಇವತ್ತು ಅಕ್ಕನ ಮಗಳ ಮೊದಲ ಹಾರಾಟ. ಹುಡುಗಿ ಆಗಲೇ ಸೀಟಿನಲ್ಲಿ ಕೂತು ಕಾಲು ಕುಣಿಸುತ್ತಿದ್ದಳು. ಅಕ್ಕ ಕೆಳಗೆ ನಿಂತು ಫೋಟೋ ತೆಗೆಯುತ್ತಿದ್ದಳು.

"ಭಾವ, ಇದೇನು ಹುಲ್ಲು?"

"ಯಾವುದೋ ಮೈನಾ ತಂದಿಟ್ಟಿತ್ತು. ಬೆಳಿಗ್ಗೇನೇ ಕೈ ಹಾಕಿ ತೆಗೆದು ಎಸೆದಿದ್ದೀನಿ."

"ನಂಗೊಂದು ಮಾತು ಹೇಳಿದ್ರಾ? ಆಮೇಲೆ ಬಿರಡೆನಾದ್ರೂ ಹಾಕಿದ್ರಾ?"

"ನಿಂದೊಂದು ರಗಳೆ. ಹಿತ್ತಲ ಗೋಡೆ ಎತ್ತೋಕೆ ನಮ್ಮ ಮೇಸ್ತ್ರಿಗೆ ವರ್ಷ ಹಿಡೀತು. ಊಟ ಮಾಡಿ ಬರೋದ್ರೊಳಗೆ ಆ ಹಕ್ಕಿ ಮನೆ ಕಟ್ಟಿ ಮುಗಿಸುತ್ತಾ?"

"ಮೊದಲು ಮಗೂನ ಕೆಳಗಿಳಿಸಿ."

ಭಾವ ಗೊಣಗುತ್ತಾ ಮಗಳನ್ನು ಇಳಿಸಿ ಕಿಂಡಿಗೆ ಟಾರ್ಚ್ ಹಿಡಿದ. "ನೋಡು, ಖಾಲಿ."

ಅವಳು ಟಾರ್ಚನ್ನು ನಂಬಲಿಲ್ಲ. ಸ್ಕ್ರೂ ಬಿಚ್ಚಿ ಎಂಜಿನ್ನಿನ ಮುಚ್ಚಳವನ್ನೇ ಎತ್ತಿದಳು. ಬೆಳಕು ತಲುಪದ ಹಿಂದಿನ ಮೂಲೆಯಲ್ಲಿ ಒಂದು ಬುಟ್ಟಿಯಷ್ಟು ಹುಲ್ಲು, ಪುಕ್ಕ, ದಾರದ ತುಂಡುಗಳು. ಬೆಳಿಗ್ಗೆ ಕೈಗೆ ಸಿಗದೆ ಉಳಿದದ್ದರ ಮೇಲೆ ಹಕ್ಕಿ ಮಧ್ಯಾಹ್ನದೊಳಗೆ ಹೊಸದಾಗಿ ತಂದು ತುಂಬಿತ್ತು. ಮೊಟ್ಟೆ ಇನ್ನೂ ಇಟ್ಟಿರಲಿಲ್ಲ.

"ಇದರಿಂದ ಏನಾಗ್ತಿತ್ತು?" ಅಕ್ಕ ಕೇಳಿದಳು.

"ಈ ಎಂಜಿನ್ ತಣ್ಣಗಿರೋದೇ ಗಾಳಿಯಿಂದ ಅಕ್ಕ. ಗಾಳಿ ಕಟ್ಟಿದ್ರೆ ಕಾದು ಕೆಂಡ ಆಗುತ್ತೆ. ಪಕ್ಕದಲ್ಲೇ ಸುಡೋ ಹೊಗೆ ಕೊಳವೆ. ಒಣಹುಲ್ಲು ಹತ್ಕೊಳ್ಳೋಕೆ ಇನ್ನೇನು ಬೇಕು? ಮೇಲೆ ಹೋದ್ಮೇಲೆ ಪಕ್ಕಕ್ಕೆ ನಿಲ್ಲಿಸಿ ಇಳಿಯೋಕೆ ಇದೇನು ಬಸ್ಸಾ?"

"ಇಷ್ಟು ದಿನ ಏನೂ ಆಗಿರಲಿಲ್ಲ," ಎಂದ ಭಾವ.

ಈ ಮಾತು ಕೇಳಿ ಕೇಳಿ ಅವಳಿಗೆ ರೋಸಿಹೋಗಿತ್ತು. "ಹಕ್ಕಿ ಮೇಲೆ ನಂಗೆ ಸಿಟ್ಟಿಲ್ಲ ಭಾವ. ಬೆಚ್ಚಗಿನ ಜಾಗ ಕಂಡಿತು, ಬಂತು. ಅದಕ್ಕೇನು ಗೊತ್ತು? ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಮಗೂನ ಕೂರಿಸಿದ್ರಿ."

ಅಕ್ಕ ಗಂಡನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ. ಹಾರಾಟ ಇಲ್ಲವೆಂದು ಅಳುತ್ತಿದ್ದ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, "ತಪ್ಪು ನಂದು ಪುಟ್ಟಿ, ಚಿಕ್ಕಮ್ಮಂದಲ್ಲ," ಎಂದ. ಆಮೇಲೆ ತಾನೇ ಕೈಜೋಡಿಸಿ ಕೊನೆಯ ಎಳೆಯವರೆಗೂ ಹುಲ್ಲು ತೆಗೆಸಿದ. ಮುಚ್ಚಳ ಕೂತ ಮೇಲೆ ಬಿರಡೆಗಳನ್ನು ಒತ್ತಿ ಹಾಕಿದವನೂ ಅವನೇ.

ಪುಟ್ಟ ವಿಮಾನ ಹಾರಿಸುವವರೇ, ಇಳಿದು ಎಂಜಿನ್ನಿನ ಬಿಸಿ ತಗ್ಗುತ್ತಿದ್ದಂತೆ ಬಿರಡೆ ಹಾಕಿ. ಊಟಕ್ಕೆ ಹೋಗಿಬರುವಷ್ಟು ಹೊತ್ತಾದರೂ ಸರಿ, ಹಾಕಿಯೇ ಹೋಗಿ. ಹಾರುವ ಮುನ್ನ ಮರೆಯದೆ ತೆಗೆಯಿರಿ. ಬಿರಡೆಗೆ ಕಣ್ಣಿಗೆ ಬೀಳುವ ಕೆಂಪು ಪಟ್ಟಿ ಕಟ್ಟಿಡಿ. ಸೀಟಿನ ಕೆಳಗೆ ತಿಂಡಿಯ ಚೂರು ಬಿಟ್ಟರೆ ಇಲಿ ಬರುತ್ತದೆ, ಬಂದರೆ ವೈರನ್ನೂ ಬಿಡುವುದಿಲ್ಲ. ಒಂದೇ ಒಂದು ಎಳೆ ಹುಲ್ಲು ಕಂಡರೂ ಮುಚ್ಚಳ ಬಿಚ್ಚಿಸಿ ನೋಡಿ. ಮೊಟ್ಟೆ, ಮರಿ ಇದ್ದರೆ ಕೈ ಹಾಕಬೇಡಿ, ಅರಣ್ಯ ಇಲಾಖೆಯವರನ್ನು ಕೇಳಿ. ಅಲ್ಲಿಯವರೆಗೆ ವಿಮಾನ ನಿಂತಿರಲಿ. ಆ ಮುಚ್ಚಳದೊಳಗೆ ಏನಿದೆ ಎಂದು ಪಕ್ಕದ ಸೀಟಿನವರಿಗೆ ಗೊತ್ತಿರುವುದಿಲ್ಲ. ನೀವು ನೋಡಿದ್ದೀರಿ ಎಂದೇ ಅವರು ನಂಬಿರುತ್ತಾರೆ.