ಹೊಂಡದಾಚೆಯ ಹೋಟೆಲು

ಕೆಲವು ತೀರ್ಮಾನಗಳನ್ನು ಮನುಷ್ಯ ಅವಸರದಲ್ಲಿ ತೆಗೆದುಕೊಳ್ಳಬಾರದು. ಯುದ್ಧ ಹೂಡುವುದು ಅಂಥದ್ದೊಂದು, ಧರ್ಮ ಬದಲಿಸುವುದು ಇನ್ನೊಂದು. ಇವೆರಡಕ್ಕಿಂತ ಗಹನವಾದದ್ದು ಬ್ಯೂನಸ್ ಐರಿಸ್ಸಿನಲ್ಲಿ ನಾಲ್ಕು ರಾತ್ರಿ ತಲೆಯಿಡಲು ಒಂದು ಅಗ್ಗದ ಹೋಟೆಲನ್ನು ಆರಿಸುವುದು. ಉರುಗ್ವೆಯ ಮಿನಾಸ್ ಪಟ್ಟಣದ ಎಲ್ಬಿಯಾ ಎಚೆವೆರಿ ಈ ಭಾರವನ್ನು ಬೇಸಿಗೆಯ ಕೊನೆಯಲ್ಲಿ ಹೆಗಲಿಗೇರಿಸಿಕೊಂಡಳು. ಯೇಸುವಿನ ಪವಿತ್ರವಾರಕ್ಕೆ ಸರ್ಕಾರವೇ ‘ಪ್ರವಾಸದ ವಾರ’ ಎಂದು ನಾಮಕರಣ ಮಾಡಿರುವ ದೇಶ ಅದು. ಆ ವಾರ ಮನೆಯಲ್ಲಿ ಕೂತವರನ್ನು ನೆರೆಹೊರೆಯವರು ಕಾಯಿಲೆಯವರನ್ನು ನೋಡುವ ಹಾಗೆ ನೋಡುತ್ತಾರೆ.

ಮಿನಾಸಿನವರಿಗೆ ಬ್ಯೂನಸ್ ಐರಿಸ್ ಪರದೇಶವೂ ಹೌದು, ಪಕ್ಕದ ಬೀದಿಯೂ ಹೌದು. ನಡುವೆ ಕಡಲಿನಷ್ಟು ಅಗಲದ ನದಿಯಿದೆ. ಅದನ್ನು ಅವರು ‘ಹೊಂಡ’ ಎನ್ನುತ್ತಾರೆ, ಸಿರಿವಂತ ದಾಯಾದಿಯ ಬಂಗಲೆಯನ್ನು ‘ಏನೋ ಒಂದು ಸೂರು’ ಎನ್ನುವ ಧಾಟಿಯಲ್ಲಿ. ಹೊಂಡದಾಚೆಯವರ ಬಗ್ಗೆ ಎಲ್ಬಿಯಾಳ ಅಭಿಪ್ರಾಯ ಊರಿನ ಅಭಿಪ್ರಾಯವೇ: ನಗು ಹೆಚ್ಚು, ಮಾತು ಇನ್ನೂ ಹೆಚ್ಚು, ಎರಡನ್ನೂ ತೂಗಿ ತೆಗೆದುಕೊಳ್ಳಬೇಕು.

ಆದರೂ ಆ ಊರಿನಲ್ಲಿ ಅವಳಿಗೊಂದು ಆಸೆಯಿತ್ತು. ಥಿಯೇಟರುಗಳ ದೊಡ್ಡ ಬೀದಿಯಲ್ಲಿ, ದೀಪ ಹೊತ್ತಿದ ಮೇಲೆ, ಗಂಡನ ತೋಳು ಹಿಡಿದು ನಡೆಯಬೇಕು. ಇದೇನು ಮಹಾ ಆಸೆ ಎನ್ನುವವರು ಅವಳ ಗಂಡನನ್ನು ನೋಡಿದವರಲ್ಲ. ವಿಲ್ಮಾರ್ ಎಚೆವೆರಿ ಪುರಸಭೆಯಲ್ಲಿ ವಿದ್ಯುತ್ ಕೆಲಸಗಾರನಾಗಿದ್ದು ನಿವೃತ್ತನಾದವನು. ಅವನ ಎಡಗಂಕುಳು ಮದುವೆಗೆ ಮೊದಲಿನಿಂದಲೂ ಬಿಸಿನೀರಿನ ಫ್ಲಾಸ್ಕಿಗೆ ಮೀಸಲು. ಅದೇ ಕೈಯಲ್ಲಿ ಮಾಟೆ ಎಂಬ ಪಾನೀಯದ ಸೋರೆಬುರುಡೆ: ಕಹಿ ಎಲೆಯ ಪುಡಿ, ಅದರೊಳಗೆ ಹೀರಲೊಂದು ಲೋಹದ ಕೊಳವೆ. ಬಲಗೈ ನೀರು ಹುಯ್ಯುವುದಕ್ಕೆ. ದೇಶದ ಗಂಡಸರೆಲ್ಲ ಹೀಗೇ ಓಡಾಡುವವರು. ಬ್ಯಾಂಕಿಗೆ, ಫುಟ್ಬಾಲಿಗೆ, ಹೆಣದ ಹಿಂದೆ, ಎಲ್ಲಿಗೂ ಫ್ಲಾಸ್ಕಿನೊಂದಿಗೇ. ಹೆಂಡತಿಯರು ಅರ್ಧ ಹೆಜ್ಜೆ ಆಚೆ ನಡೆದು ಅಭ್ಯಾಸವಾದವರು.

ಎಲ್ಬಿಯಾ ಹಾಕಿದ ಷರತ್ತು ಒಂದೇ. ಆಚೆ ದಡದವರೂ ಮಾಟೆ ಕುಡಿಯುತ್ತಾರೆ, ಆದರೆ ಮನೆಯೊಳಗೆ ಕೂತು. ಬೀದಿಯಲ್ಲಿ ಫ್ಲಾಸ್ಕು ಅಪ್ಪಿಕೊಂಡವನನ್ನು ಕಂಡರೆ ‘ಬಂದ ನೋಡು ಉರುಗ್ವೆಯವನು’ ಎಂದು ಬೆರಳು ತೋರಿಸುತ್ತಾರೆ. ಆದ್ದರಿಂದ ಫ್ಲಾಸ್ಕು ಮನೆಯಲ್ಲೇ ಉಳಿಯಬೇಕು.

“ನಾಲ್ಕು ದಿನ ಕೈ ಬೀಸ್ಕೊಂಡು ನಡೆಯೋ ಗಂಡ ಬೇಕು ನಂಗೆ,” ಎಂದಿದ್ದಳು. “ಆಮೇಲೆ ಅದನ್ನ ಪಕ್ಕದಲ್ಲೇ ಮಲಗಿಸ್ಕೋ, ಕೇಳಲ್ಲ.”

ವಿಲ್ಮಾರ್ ಒಂದು ಗುಟುಕು ಹೀರಿ, “ಆಯ್ತು ಬಿಡು ಮುದುಕಿ,” ಎಂದ.

ವಾದವಿಲ್ಲ, ನಿಟ್ಟುಸಿರಿಲ್ಲ. ಎಲ್ಬಿಯಾಳ ಮನಸ್ಸಿನಲ್ಲಿ ಮೊದಲ ಮುಳ್ಳು ಚುಚ್ಚಿದ್ದು ಅಲ್ಲೇ.

ಸದ್ಯಕ್ಕೆ ಅದನ್ನು ಬದಿಗಿಟ್ಟು ಅವಳು ಹೋಟೆಲುಗಳ ಬೆನ್ನು ಹತ್ತಿದಳು. ಕನ್ನಡಕ ಏರಿಸಿ ಫೋನಿನ ಪರದೆಯನ್ನು ಅವಳು ಪರೀಕ್ಷಿಸುತ್ತಿದ್ದ ರೀತಿಯನ್ನು ಕಂಡರೆ ಸುಂಕದ ಅಧಿಕಾರಿಗಳೂ ನಾಚಬೇಕು. ಕೋಣೆಯ ಚಿತ್ರವನ್ನು ಮೂಲೆಯಿಂದ ತೆಗೆದಿದ್ದರೆ ಕೋಣೆ ಚಿಕ್ಕದು. ಪರದೆ ಎಳೆದಿದ್ದರೆ ಕಿಟಕಿಯಾಚೆ ಗೋಡೆ. ಮಂಚದ ಮೇಲೆ ಟವೆಲಿನ ಹಂಸ ಮಾಡಿ ಕೂರಿಸಿದ್ದರೆ ಹಾಸಿಗೆಯಲ್ಲೇನೋ ಊನ. ಅಲ್ಲಿ ತಂಗಿ ಹೋದವರು ಬರೆದ ಹೊಗಳಿಕೆಯನ್ನಂತೂ ಅವಳು ನಂಬುತ್ತಿರಲಿಲ್ಲ. ಮಾಲೀಕನಿಗೆ ಅತ್ತಿಗೆ ನಾದಿನಿಯರು ಇರುವುದಿಲ್ಲವೇ?

ಬೆಲೆ ಹೆಚ್ಚಾದರೆ ಸುಲಿಗೆ, ಕಡಿಮೆಯಾದರೆ ಅದಕ್ಕಿಂತ ಕೆಟ್ಟದ್ದು. ಕೆಟ್ಟದ್ದು ಏನೆಂದು ವಿವರಿಸಿದವಳು ಎದುರುಮನೆಯ ಚೋಲಾ, ಕೂದಲು ಕತ್ತರಿಸಿ ಊರಿನ ಸುದ್ದಿಯನ್ನು ಜಡೆ ಹೆಣೆಯುವವಳು. ಅವಳ ಓರಗಿತ್ತಿ ಒಂದು ಸಲ ಆಚೆ ದಡದಲ್ಲಿ ಬಹಳ ಅಗ್ಗದ, ಬಹಳ ಚೊಕ್ಕಟವಾದ ಹೋಟೆಲು ಹಿಡಿದಳಂತೆ. ಮಲಗಿ ಮೇಲೆ ನೋಡಿದರೆ ಚಾವಣಿಯಲ್ಲಿ ಕನ್ನಡಿ. ಜೋಡಿಗಳಿಗೆ ಗಂಟೆಯ ಲೆಕ್ಕದಲ್ಲಿ ಕೊಡುವ ಜಾಗ ಅದು. ಗಂಡ ಹೆಂಡತಿ ಜಪಮಾಲೆ ಹಿಡಿದು ಬೆಳಗು ಮಾಡಿದರು ಎಂದು ಚೋಲಾ ಹೇಳಿದಳು. ಜಪಮಾಲೆಯ ಸಂಗತಿಯನ್ನು ಎಲ್ಬಿಯಾ ಅಷ್ಟಾಗಿ ನಂಬಲಿಲ್ಲ.

ಜರಡಿಯಾಡಿ ಕೊನೆಗೆ ಮೂರು ಹೋಟೆಲು ಉಳಿದವು. ಆಗ ವಿಲ್ಮಾರ್ ಬಾಯಿಬಿಟ್ಟ. ಮನೆಗೆ ಯಾವ ಬಣ್ಣ, ಮಗಳ ಮದುವೆಗೆ ಎಷ್ಟು ಜನ, ಯಾವುದಕ್ಕೂ ‘ನಿನಗೆ ಹೇಗೆ ಬೇಕೋ ಹಾಗೆ’ ಎನ್ನುತ್ತ ಬಂದ ಮನುಷ್ಯ, ಹೋಟೆಲಿಗೆ ತಾನೇ ಫೋನು ಮಾಡುತ್ತೇನೆ ಎಂದ. ಎಲ್ಬಿಯಾ ತಲೆಯೆತ್ತಿ ನೋಡಿದಳು. ಅವನು ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡು, ಫೋನು ಹಿಡಿದು ಹಿತ್ತಲಿಗೆ ಹೋಗಿ, ದ್ರಾಕ್ಷಿ ಚಪ್ಪರದ ಕೆಳಗೆ ಬೆನ್ನು ತಿರುಗಿಸಿ ನಿಂತು, ತಗ್ಗಿದ ದನಿಯಲ್ಲಿ ಮಾತಾಡಿ ಬಂದ.

“ಅದು ಬೇಡ,” ಎಂದ.

ಯಾಕೆ ಎಂದರೆ, ಸರಿಯಿಲ್ಲ ಎಂದ. ಮರುದಿನ ಎರಡನೆಯದಕ್ಕೂ ಅದೇ ಬಾಚಣಿಗೆ, ಅದೇ ಹಿತ್ತಲು, ಅದೇ ಉತ್ತರ. ಮೂರನೆಯದರ ಫೋನಂತೂ ಅರೆಕ್ಷಣದಲ್ಲಿ ಮುಗಿಯಿತು. ಅವನು ಹಾವು ತುಳಿದವನ ಮುಖ ಹೊತ್ತು ಒಳಗೆ ಬಂದು, ಇಂಥವರಿಗೆ ಹೋಟೆಲು ಯಾಕೆ ಬೇಕು ಎಂದು ಗೊಣಗಿದ.

ಎರಡು ದಿನ ಬಿಟ್ಟು, ಊಟದ ನಡುವೆ, ಈಗಷ್ಟೇ ಹೊಳೆಯಿತೇನೋ ಎಂಬಂತೆ ಅಂದ: “ಹೋಟೆಲ್ ನವೀಯಾ ಅಂತ ಒಂದಿತ್ತು. ನಮ್ಮ ಕ್ಲಬ್ಬಿನೋರು ಇಳ್ಕೊಳ್ತಿದ್ವಿ.”

ವಿಲ್ಮಾರನಿಗೆ ಹರೆಯದಲ್ಲಿ ಮರದ ಗುಂಡು ಉರುಳಿಸುವ ಆಟದ ಹುಚ್ಚಿತ್ತು. ಕ್ಲಬ್ಬಿನ ತಂಡ ಪಂದ್ಯಕ್ಕೆಂದು ಕೆಲವು ವರ್ಷ ಆಚೆ ದಡಕ್ಕೆ ಹೋಗಿ ಬರುತ್ತಿತ್ತು. ಗೆದ್ದು ಬಂದದ್ದು ಎಲ್ಬಿಯಾಳಿಗೆ ನೆನಪಿಲ್ಲ. ಸೋತು ಬಂದವರು ಅಷ್ಟು ಖುಷಿಯಾಗಿದ್ದದ್ದು ಈಗ ನೆನಪಾಯಿತು.

ಫೋನಿನಲ್ಲಿ ಹೋಟೆಲ್ ನವೀಯಾದ ಚಿತ್ರ ಒಂದೇ ಇತ್ತು, ಅದೂ ಬಾಗಿಲಿನದು. ಬೆಲೆ ಸಾಧಾರಣ. ಹೊಗಳಿದವರೂ ಇಲ್ಲ, ತೆಗಳಿದವರೂ ಇಲ್ಲ. ತನ್ನ ನಿಯಮಗಳಲ್ಲಿ ಒಂದನ್ನೂ ಅನ್ವಯಿಸಲಾಗದ ಹೋಟೆಲನ್ನು ಅವಳು ಅದೇ ಮೊದಲು ಕಂಡದ್ದು. ವಿಲ್ಮಾರ್ ತಲೆ ಬಾಚಿಕೊಳ್ಳುತ್ತಿದ್ದ. ಅವನು ಹಿತ್ತಲಿಗೆ ಹೋದಾಗ ಅವಳು ಅಡುಗೆಮನೆಯ ನಲ್ಲಿ ನಿಲ್ಲಿಸಿ ಕಿಟಕಿಗೆ ಕಿವಿಗೊಟ್ಟಳು.

“ಪಿಲಾರ್ ಇನ್ನೂ ಇದ್ದಾರಾ?” ಎನ್ನುವುದು ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಅವನು ನಕ್ಕ. ಒಳಗೆ ಬಂದು, ಕೋಣೆ ಗೊತ್ತು ಮಾಡಿದೆ ಎಂದ. ಪಿಲಾರ್ ಎಂಬ ಹೆಸರನ್ನು ಎತ್ತಲಿಲ್ಲ.

ಅಂದು ಸಂಜೆ ಚೋಲಾ ಕತ್ತರಿಯನ್ನು ಗಾಳಿಯಲ್ಲಿ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು.

“ತಲೆ ಬಾಚ್ಕೊಂಡು ಫೋನ್ ಮಾಡೋ ಗಂಡಸನ್ನ ನಾನಂತೂ ನೋಡಿಲ್ಲ ಕಣೇ,” ಎಂದಳು. “ನನ್ನವನು ಮದುವೆಗೇ ಬಾಚಿರ್ಲಿಲ್ಲ.”

ಹೋಗಬೇಡ ಎಂದು ಚೋಲಾ ಹೇಳಲಿಲ್ಲ. ಹೋಗು, ನೀಲಿ ಉಡುಪು ಹಾಕಿಕೊಂಡು ಹೋಗು ಎಂದಳು. ಎಲ್ಬಿಯಾಳಿಗೂ ಹೋಗದೆ ಉಳಿಯುವ ಯೋಚನೆ ಇರಲಿಲ್ಲ. ಆದರೆ ರಾತ್ರಿ ದೀಪ ಆರಿಸಿದ ಮೇಲೆ ಒಂದು ಚಿತ್ರ ಅವಳನ್ನು ಕಾಡತೊಡಗಿತು: ಅದೇ ಥಿಯೇಟರುಗಳ ಬೀದಿ, ಅದೇ ದೀಪಗಳು, ವಿಲ್ಮಾರನ ಎಡತೋಳು ಖಾಲಿ, ಆ ತೋಳಿನಲ್ಲಿ ಪಿಲಾರ್ ಎಂಬ ಯಾರದೋ ಕೈ. ತಾನು ಇಷ್ಟು ವರ್ಷ ಕೇಳಿಯೂ ಪಡೆಯದ್ದನ್ನು ಅವಳು ಕೇಳದೆಯೇ ಪಡೆದಿದ್ದರೆ? ಬೇರೇನನ್ನೇ ಆದರೂ ಕ್ಷಮಿಸಿಬಿಡಬಹುದು. ಆ ಬೀದಿಯಲ್ಲಿ ಎರಡನೆಯವಳಾಗಿ ನಡೆಯುವುದು ಅವಳಿಂದಾಗದು.

ಹೊರಡುವ ಹಿಂದಿನ ದಿನ, ವಿಲ್ಮಾರ್ ಅಂಗಡಿಗೆ ಹೋಗಿದ್ದಾಗ, ಅವಳು ಅವನ ಪೆಟ್ಟಿಗೆ ತೆರೆದಳು. ಉಣ್ಣೆಯ ಅಂಗಿಯೊಳಗೆ ಸುತ್ತಿ ಮಲಗಿಸಿದ್ದ ಫ್ಲಾಸ್ಕು ಮೊದಲು ಸಿಕ್ಕಿತು. ಕಾಲುಚೀಲದಲ್ಲಿ ಬುರುಡೆ. ಇನ್ನೊಂದು ಕಾಲುಚೀಲದಲ್ಲಿ ಎಲೆಯ ಪುಡಿ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ. ಬೇರೆ ದಿನವಾಗಿದ್ದರೆ ಅವಳು ಅದನ್ನು ಹಿಡಿದು ಮನೆಯ ಮುಂದೆ ನಿಂತು ಕಾಯುತ್ತಿದ್ದಳು. ಈಗ ಅದನ್ನು ಸುಮ್ಮನೆ ಬದಿಗೆ ಸರಿಸಿದಳು. ಯಾಕೆಂದರೆ ಅದರ ಕೆಳಗೆ ಒಂದು ಡಬ್ಬಿಯಿತ್ತು: ಮಿನಾಸಿನ ಹೆಸರಾಂತ ಆಲ್ಫಹೋರ್, ನಡುವೆ ಹಾಲಿನ ಪಾಕ ತುಂಬಿದ ಬಿಸ್ಕತ್ತು, ಮೇಲೆ ಕೆಂಪು ರಿಬ್ಬನ್ನು. ರಿಬ್ಬನ್ನಿನ ಗಂಟನ್ನು ವಿಲ್ಮಾರನೇ ಹಾಕಿದ್ದ. ವಿದ್ಯುತ್ತಿನವರ ಗಂಟು ಅವಳಿಗೆ ಗೊತ್ತು.

ಸಣ್ಣದರಲ್ಲಿ ಮಾತು ತಪ್ಪುವವನು ದೊಡ್ಡದರಲ್ಲಿ ಉಳಿಸಿಕೊಳ್ಳುತ್ತಾನೆಯೇ? ಎಲ್ಲವನ್ನೂ ಇದ್ದ ಹಾಗೇ ಇಟ್ಟು ಪೆಟ್ಟಿಗೆ ಮುಚ್ಚಿದಳು. ನೀಲಿ ಉಡುಪಿಗೆ ಇಸ್ತ್ರಿ ಹಾಕಿದಳು.

ಹಡಗಿನಲ್ಲಿ ಹೊಂಡ ದಾಟುವಷ್ಟೂ ಹೊತ್ತು ಅವಳು ಅವನನ್ನು ಗಮನಿಸುತ್ತ ಕೂತಳು. ವಿಲ್ಮಾರನಿಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಎಡತೋಳು ಪಕ್ಕೆಗೆ ಅಂಟಿಕೊಂಡೇ ಇತ್ತು, ಇಲ್ಲದ ಫ್ಲಾಸ್ಕನ್ನು ಬೀಳದಂತೆ ಹಿಡಿದ ಹಾಗೆ. ಸುತ್ತ ಕೂತ ಸ್ವದೇಶದವರೆಲ್ಲ ಹೀರುತ್ತಿದ್ದರು. ಒಬ್ಬ ಮುದುಕ ಕನಿಕರದಿಂದ ತನ್ನ ಬುರುಡೆ ಚಾಚಿದಾಗ ವಿಲ್ಮಾರ್ ಹೆಂಡತಿಯ ಮುಖ ನೋಡಿ ಬೇಡವೆಂದ. ಎಂಥ ನಟ, ಎಂದುಕೊಂಡಳು ಎಲ್ಬಿಯಾ.

ಹೋಟೆಲ್ ನವೀಯಾ ಒಂದು ಬೀಗದ ಅಂಗಡಿಗೂ ಒಂದು ಔಷಧಿ ಅಂಗಡಿಗೂ ನಡುವೆ ಉಸಿರು ಬಿಗಿಹಿಡಿದು ನಿಂತಿತ್ತು. ಒಳಗೆ ಕಿರಿದಾದ ಮೇಜು, ಅದರ ಹಿಂದೆ ಒಬ್ಬ ಹೆಂಗಸು. ಎಲ್ಬಿಯಾಳ ವಯಸ್ಸೇ ಇದ್ದೀತು, ಆದರೆ ಬೆನ್ನು ನೆಟ್ಟಗೆ, ಬೆಳ್ಳಿಗೂದಲು ಎತ್ತಿ ಕಟ್ಟಿದ್ದು, ಕಿವಿಯಲ್ಲಿ ಹವಳ. ಇವಳೇ ಪಿಲಾರ್ ಇರಬೇಕು. ಚೆಲುವೆಯೇ. ಎಲ್ಬಿಯಾ ಮನಸ್ಸಿನಲ್ಲೇ ನೀಲಿ ಉಡುಪಿಗೆ ಕೃತಜ್ಞತೆ ಹೇಳಿದಳು.

ವಿಲ್ಮಾರ್ ಬಾಯಿ ತೆರೆಯುವ ಮೊದಲೇ ಆ ಹೆಂಗಸು ಅವನನ್ನು ಮೇಲಿನಿಂದ ಕೆಳಗೆ ನೋಡಿ, ಪಕ್ಕೆಗೆ ಅಂಟಿದ ಎಡತೋಳಿನ ಮೇಲೆ ಕಣ್ಣು ನಿಲ್ಲಿಸಿ, ಕೈ ಚಾಚಿದಳು.

“ಉರುಗ್ವೆಯವರು ತಾನೆ? ಕೊಡಿ ಫ್ಲಾಸ್ಕು.”

ವಿಲ್ಮಾರ್ ಹೆಂಡತಿಯತ್ತ ನೋಡಿದ. ಎಲ್ಬಿಯಾ ಪೆಟ್ಟಿಗೆಯತ್ತ ಗದ್ದದಿಂದ ಸನ್ನೆ ಮಾಡಿದಳು. ಅವನು ಬಗ್ಗಿ ಬೀಗ ತೆಗೆದ. ಫ್ಲಾಸ್ಕು ಬಂತು, ಹಿಂದೆಯೇ ರಿಬ್ಬನ್ನಿನ ಡಬ್ಬಿ ಬಂತು. ಎರಡನ್ನೂ ಮೇಜಿನ ಮೇಲಿಟ್ಟು ಕಳ್ಳತನದ ಮಾಲು ಒಪ್ಪಿಸಿದವನ ಹಾಗೆ ನಿಂತ. ಪಿಲಾರ್ ಕೆಟಲಿನ ಗುಂಡಿ ಒತ್ತಿದಳು.

ಕುದಿದ ನೀರು ಮಾಟೆಯನ್ನು ಕೆಡಿಸುತ್ತದೆಂದು ಗೊತ್ತು, ಕುದಿಯಲು ಬಿಡುವುದಿಲ್ಲ, ಕೆಟಲು ಗುಂಯ್ ಎನ್ನತೊಡಗಿದ ಕೂಡಲೇ ತೆಗೆಯುತ್ತೇನೆ, ಗಾಬರಿ ಬೇಡ ಎಂದು ಎಲ್ಬಿಯಾಳಿಗೆ ಹೇಳಿದಳು. ನಿಮ್ಮ ಕಡೆಯವರಿಗೆ ಮೊದಲ ಸಲ ಕುದಿದ ನೀರು ಕೊಟ್ಟಾಗ ಮನೆಯಲ್ಲಿ ಸಾವಾದವರ ಹಾಗೆ ಮುಖ ಮಾಡಿ ಕೂತಿದ್ದರಂತೆ. ಅಂದಿನಿಂದ ನಸುಕಿಗೇ ಎದ್ದು ಇದೇ ಕೆಲಸ. ಬಂದವರು ಆಲ್ಫಹೋರ್ ತರುತ್ತಾರೆ, ತನಗೋ ಸಕ್ಕರೆ ಕಾಯಿಲೆ, ಡಬ್ಬಿಗಳೆಲ್ಲ ಅಳಿಯನಿಗೆ.

ಎಲ್ಬಿಯಾ ಗಂಡನ ಕಡೆ ತಿರುಗಿದಳು. “ಆ ಮೂರು ಹೋಟೆಲು?”

“ಒಬ್ಬ ತಿಂಡಿ ಹೊತ್ತಿಗೆ ಮಾತ್ರ ಬಿಸಿನೀರು ಅಂದ,” ಎಂದ ವಿಲ್ಮಾರ್. “ಇನ್ನೊಬ್ಬ ಅದಕ್ಕೂ ದುಡ್ಡು ಅಂದ. ಮೂರನೆಯವನು, ಸ್ನಾನದ ನಲ್ಲೀಲಿ ಹಿಡ್ಕೊಳ್ಳಿ ಅಂದ.” ಕೊನೆಯದನ್ನು ಹೇಳುವಾಗ ದನಿ ನಡುಗಿತು.

“ಫೋನ್ ಮಾಡೋಕೆ ತಲೆ ಯಾಕೆ ಬಾಚ್ಕೊಂಡೆ?”

“ಹೊರದೇಶಕ್ಕೆ ಮಾತಾಡ್ತಿದ್ದೆನಲ್ಲ.”

ಮುಳ್ಳು ಅಷ್ಟು ಸುಲಭಕ್ಕೆ ಬರುವ ಜಾತಿಯದಲ್ಲ. ಇಷ್ಟು ವರ್ಷ ಒಬ್ಬ ಗಂಡಸಿನ ನೀರಿನ ಬಿಸಿಯನ್ನು ನೆನಪಿಟ್ಟುಕೊಂಡ ಹೆಂಗಸು, ಎಂದು ಎಲ್ಬಿಯಾ ಯೋಚಿಸುತ್ತಿದ್ದಳು. ಇದು ತೋಳು ಹಿಡಿಯುವುದಕ್ಕಿಂತ ಹೆಚ್ಚಿನದಾಗಿರಬಾರದೇಕೆ? ಅಷ್ಟರಲ್ಲಿ ವಿಲ್ಮಾರ್, ಕೂದಲ ಮೇಲೊಮ್ಮೆ ಕೈಯಾಡಿಸಿ, ತನ್ನ ಗುರುತು ಹತ್ತಿತೇ ಎಂದು ಪಿಲಾರಳನ್ನು ಕೇಳಿದ.

“ಯಾಕಿಲ್ಲ?” ಎಂದಳು ಪಿಲಾರ್, ಫ್ಲಾಸ್ಕಿಗೆ ನೀರು ಹುಯ್ಯುತ್ತ, ತಲೆಯೆತ್ತದೆ. “ವಾಲ್ತೆರ್ ಅಲ್ವಾ? ಈಜು ತಂಡದೋರು.”

ವಿಲ್ಮಾರನ ಕೈ ಕೂದಲಲ್ಲೇ ನಿಂತಿತು. ಅವನ ಮುಖವನ್ನು ನೋಡಿದ ಎಲ್ಬಿಯಾಳಿಗೆ, ತಿಂಗಳಿನಿಂದ ಗಂಡನಿಗಾಗಿ ಕೂಡಿಟ್ಟಿದ್ದ ಕೋಪವೆಲ್ಲ ದಿಕ್ಕು ಬದಲಿಸಿ ಮೇಜಿನಾಚೆಗೆ ಹೊರಟಿತು.

“ಇವರ ಹೆಸರು ವಿಲ್ಮಾರ್,” ಎಂದಳು. “ಗುಂಡು ಆಡ್ತಿದ್ರು. ಚೆನ್ನಾಗೇ ಆಡ್ತಿದ್ರು.”

ಇರಬಹುದು, ತಪ್ಪು ತಿಳಿಯಬೇಡಿ ಎಂದಳು ಪಿಲಾರ್. ಮುಖಗಳು ತನಗೆ ನೆನಪಿನಲ್ಲಿ ಉಳಿಯುವುದಿಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಕೋಣೆಯ ಬೀಗದ ಕೈಯ ಪಕ್ಕದಲ್ಲಿಟ್ಟಳು. ವಿಲ್ಮಾರ್ ಕೈ ಚಾಚಿದ. ಎಲ್ಬಿಯಾ ಅವನಿಗಿಂತ ಮೊದಲೇ ಅದನ್ನೆತ್ತಿ, ಕರವಸ್ತ್ರ, ಕನ್ನಡಕದ ಪೆಟ್ಟಿಗೆಗಳನ್ನು ಸರಿಸಿ, ತನ್ನ ಕೈಚೀಲದೊಳಗೆ ನಿಲ್ಲಿಸಿ ಜಿಪ್ಪು ಎಳೆದಳು.

“ಬೀದೀಲಿ ಕೇಳ್ಬೇಡ,” ಎಂದಳು. “ಕೂತಾಗ ಕೊಡ್ತೀನಿ.”

ಅವರು ನಾಲ್ಕು ರಾತ್ರಿ ಹೋಟೆಲ್ ನವೀಯಾದಲ್ಲೇ ಉಳಿದರು. ಸಂಜೆ ಥಿಯೇಟರುಗಳ ಬೀದಿಯಲ್ಲಿ ನಡೆದರು. ಅವಳ ಒಂದು ಕೈ ಅವನ ಎಡತೋಳಿನಲ್ಲಿತ್ತು, ಇನ್ನೊಂದರಲ್ಲಿ ಚೀಲ. ಚೀಲ ಭಾರವಾಗಿತ್ತು.