ಉಪ್ಪು ಹಾಕಿದ ಟಬ್ಬಿನ ಗಪ್ಪಿಗಳು

ಬೈಕಿನ ಸದ್ದು — ಅವನದೇ, ಸೈಲೆನ್ಸರ್ ಕೆಮ್ಮೋದು ಕೇಳಿದರೆ ಸಾಕು ಕವಿತಂಗೆ ಗೊತ್ತಾಗುತ್ತೆ, ಮೊದಲೆಲ್ಲ ಆ ಸದ್ದು ಕೇಳಿ ಸಾರು ಬಿಸಿಗಿಟ್ಟ ಕೈ ಇದು, ಈಗ ಅದೇ ಕೈಯಲ್ಲಿ ಮೀನು ಹಿಡಿಯೋ ಜಾಲರಿ, ಹಿತ್ತಿಲಲ್ಲಿ ಅಂಗಾತ ಮಲಗಿಸಿದ ಕೆಟ್ಟ ಫ್ರಿಜ್ಜಿನ ತುಂಬ ನೀರು, ನೀರಿನ ತುಂಬ ಗಪ್ಪಿ ಅನ್ನೋ ಪುಟಾಣಿ ಮೀನು, ಗೆಜ್ಜಲಗೆರೆ ಬಿಸಿಲಲ್ಲಿ ಹೊಟ್ಟೆ ಹೊತ್ತುಕೊಂಡು ಓಡಾಡೋ ಬಸುರಿ ಗಪ್ಪಿಗಳು, ಬರಲಿ, ಬಂದು ನಿಲ್ಲಲಿ ಸಿದ್ದೇಶ್, ತಾಳಿ ಕಟ್ಟಿದ ಗಂಡ, ಬಿಟ್ಟು ಹೋದ ಗಂಡ. ಹೋಗುವಾಗ ಏನು ತಗೊಂಡು ಹೋದ, ಅರೋವನ ಅನ್ನೋ ಆ ದೊಡ್ಡ ಮೀನನ್ನ, ಗಾಜಿನ ತೊಟ್ಟಿ ಸಮೇತ, ಟೆಂಪೋದಲ್ಲಿ ಕಂಬಳಿ ಸುತ್ತಿ, ಹೊಸ ಹೆಣ್ಣನ್ನ ಕರ್ಕೊಂಡು ಹೋದ ಹಾಗೆ — ಏನು ಬಿಟ್ಟು ಹೋದ, ಅದರ ಮೇವಿಗೆ ಸಾಕಿದ ಈ ಗಪ್ಪಿಗಳನ್ನ, ಜೊತೆಗೆ ಅವಳನ್ನ. ಅತ್ತೆ ಮಂಚಮ್ಮ ಇದೇ ಫ್ರಿಜ್ಜಿನ ಪಕ್ಕ ನಿಂತು ಎಲೆಅಡಿಕೆ ಉಗಿದು ಅಂದಿದ್ದಳು, ಮೀನೇ ತಿಂಗ್ಳು ತಿಂಗ್ಳು ಮರಿ ಆಕ್ತವೆ ಕಣಮ್ಮಿ, ನಿನ್ ಒಟ್ಟೆಗೆ ಏನ್ ಬಂದದೆ ದೊಡ್ಡ್ರೋಗ, ಸಿದ್ದೇಶ್ ಕೇಳಿಸಿಕೊಂಡೂ ಅರೋವನದ ನೀರು ಬದಲಾಯಿಸ್ತಾ ಕೂತಿದ್ದ, ಥೂ, ಅವತ್ತೇ ಆ ಬಕೆಟ್ ನೀರು ಅವನ ತಲೆ ಮೇಲೆ ಸುರೀಬೇಕಿತ್ತು. ಈಗ ಮದ್ದೂರಲ್ಲಿ ದೀಪಿಕನ ಜೊತೆ ಸಂಸಾರ, ಅವಳಿಗೆ ಹೊಟ್ಟೆ ಕಾಣ್ತಿದೆಯಂತೆ, ಕಾಣಲಿ, ಆದರೆ ಅರೋವನ ಮಾತ್ರ ಅಲ್ಲಿ ಉಪವಾಸ, ಅಂಗಡಿ ಮೀನು ಮೂಸಲ್ವಂತೆ, ಸೀಗಡಿ ಉಗೀತದಂತೆ, ಕವಿತ ಸಾಕಿದ ಗಪ್ಪಿಯೇ ಆಗಬೇಕಂತೆ, ಆಹಾ, ಕೇಳಿದಾಗ ಎದೆಯೊಳಗೆ ತಣ್ಣಗೆ ಏನೋ ಇಳೀತು.

ಬಾಗಿಲ ಪಕ್ಕದ ನೀಲಿ ಟಬ್ಬು ಬೇರೆ. ಹೊರಗಿಂದ ತಂದ ಗಪ್ಪಿ ಮೊದಲು ಅದಕ್ಕೇ ಬೀಳಬೇಕು, ಕಲ್ಲುಪ್ಪಿನ ನೀರಲ್ಲಿ ವಾರಗಟ್ಟಲೆ ಇದ್ದು, ರೋಗ ಇಲ್ಲ ಅಂತಾದ ಮೇಲೇ ದೊಡ್ಡ ಮೀನಿನ ಬಾಯಿಗೆ, ಈ ಕಟ್ಟಳೆ ಕಲಿಸಿದವನೂ ಅವನೇ, ಒಂದು ದಿನ ತಪ್ಪಿದವಳಲ್ಲ ಅವಳು. ಈಗ ಆ ಟಬ್ಬಿನ ಗಪ್ಪಿಗಳ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ, ಬಾಲ ಕೊಳೆತಿದೆ, ಇಂಥವನ್ನೇ ತಿಂದು ಮಂಡ್ಯದ ಅಂಗಡಿಯವರ ದೊಡ್ಡ ಮೀನು ಸತ್ತಿತ್ತು, ತೆಂಗಿನ ಬುಡಕ್ಕೆ ಚೆಲ್ಲೋಣ ಅಂತ ಬೆಳಿಗ್ಗೆ ಎತ್ತಿದ್ದಳು, ಅಷ್ಟರಲ್ಲಿ ಅವನ ಮೆಸೇಜು, ಗಪ್ಪಿಗೆ ಬತ್ತೀನಿ ಅಂತ — ಟಬ್ಬು ಮೆಲ್ಲಗೆ ಕೆಳಗಿಟ್ಟಳು.

ಬಂದ. ಹೆಲ್ಮೆಟ್ಟು ಕೈಯಲ್ಲಿ, ಕಣ್ಣು ನೆಲದಲ್ಲಿ, ಊಟ ಆಯ್ತಾ ಅಂತಾನೆ ಮಾನಗೆಟ್ಟವನು, ಸಾಯ್ತದೆ ಕಣೇ ಅದು, ಒಂದ್ ಇಡಿ ಗಪ್ಪಿ ಕೊಡು. ಕೊಡ್ತೀನಿ ಇರು, ಅಂದಳು. ಜಾಲರಿ ಫ್ರಿಜ್ಜಿನ ಕಡೆ ಹೋಗಲಿಲ್ಲ, ನೀಲಿ ಟಬ್ಬಿಗೆ ಇಳೀತು, ಕವರಿಗೆ ಮೀನು, ಬಾಯಿಗೆ ರಬ್ಬರು, ಕೊಟ್ಟಳು, ಮೊದಲಾಗಿದ್ದರೆ ಕವರು ಬೆಳಕಿಗೆ ಹಿಡಿದು ಒಂದೊಂದೇ ಮೀನು ನೋಡುತ್ತಿದ್ದವನು ಈಗ ನೋಡಲೇ ಇಲ್ಲ, ಉಪ್ಪಲ್ಲಿ ಇಟ್ಟಿರ್ತೀಯ ಬುಡು, ನೀನ್ ತಪ್ಪಕ್ಕಿಲ್ಲ, ನೋಡೋದೇನೈತೆ, ಅಂದು ಬ್ಯಾಗಿಗೆ ಹಾಕಿಕೊಂಡು ಹೋದ. ಹೋಗು, ಹೋಗಿ ಹಾಕು, ನಿನ್ನ ಅರೋವನ ಮಗ್ಗುಲಾಗಿ ತೇಲಲಿ, ಖಾಲಿ ತೊಟ್ಟಿ ಮುಂದೆ ಕೂತು ಅಳು, ಬಸುರಿ ಮನೇಲಿ ಸಾವಾಯ್ತು ಅಂತ ನಿನ್ನವ್ವ ಎದೆ ಬಡ್ಕೊಳ್ಳಲಿ, ನನ್ನ ಹೊಟ್ಟೆ ಉರಿದದ್ದು ನಿನ್ನ ಮನೆಗೆಲ್ಲ ಗೊತ್ತಾಗಲಿ. ಕಾಫಿ ಕಾಸಿಕೊಂಡಳು, ಎಷ್ಟು ತಿಂಗಳಾಗಿತ್ತೋ ರುಚಿ ಹತ್ತಿ, ಜಗಲಿ ಮೇಲೆ ಕಾಲು ಚಾಚಿ ಕುಡಿದಳು.

ಫೋನು. ಅವನೇ. ಇಷ್ಟು ಬೇಗ ಸತ್ತಿರಲ್ಲ, ಚುಕ್ಕೆ ಕಂಡು ಬಯ್ಯೋಕೇ ಇರಬೇಕು, ಬಯ್ಯಲಿ, ಮುಖಕ್ಕೆ ಹೊಡೆದ ಹಾಗೆ ಹೇಳ್ತಾಳೆ — ಆದರೆ ಅವನ ದನಿ ಮದುವೆ ಹೊಸದರ ದನಿ, ತಿಂತು ಕಣೇ ಕವಿತ, ಎಲ್ಲಾನೂ ತಿಂತು, ತಿಂದ್ಬುಟ್ಟು ಸುಮ್ಗಿಲ್ಲ, ನಿನ್ ಕೈ ಉಡುಕ್ದಂಗೆ ಮ್ಯಾಕ್ ಬಂದು ಬಾಯ್ ತಗೀತದೆ, ನಮ್ ಯಾರ್ ಕೈಗೂ ಅಂಗ್ ಮಾಡಿಲ್ಲ. ಹ್ಞೂಂ ಅಂದಳೋ ಇಲ್ಲವೋ, ಅವನು ಫೋನು ಇಟ್ಟ. ಬೆರಳುದ್ದ ಇತ್ತು ಅರೋವನ ತಂದಾಗ, ಮಡಿಲಲ್ಲಿ ಕವರು ಇಟ್ಕೊಂಡು ಮಂಡ್ಯದಿಂದ ಬಸ್ಸಲ್ಲಿ ತಂದವಳು ಅವಳು, ಕುಲುಕಬೇಡಿ ಅಂತ ಕಂಡಕ್ಟರ್ ಹತ್ರ ಜಗಳ ಆಡಿದವಳು, ನೀರಿನ ಮೇಲೆ ಕೈ ಚಾಚಿದರೆ ಸಾಕು ಮೇಲಕ್ಕೆ ಬಂದು ಬಾಯಿ ತೆರೆಯೋದು, ಗೂಡಲ್ಲಿನ ಮರಿ ತೆರೆಯೋ ಹಾಗೆ, ಯಾರೂ ಇಲ್ಲದಾಗ ಬಾರೋ ಮಗನೇ ಅಂತಿದ್ದಳು ಅದಕ್ಕೆ — ಸಿದ್ದೇಶ್‌ನ ಮುಖ ನೆನಪಿಸಿಕೊಳ್ಳೋಕೆ ನೋಡಿದಳು, ಅತ್ತೆಯದು, ದೀಪಿಕಂದು, ಬಯ್ಯೋಕೆ ಒಂದು ಮುಖ ಬೇಕು, ಬರ್ತಾ ಇಲ್ಲ, ಬರೋದು ಅದೊಂದೇ, ಮೇಲಕ್ಕೆ ಬರುತ್ತೆ, ಬಾಯಿ ತೆರೆಯುತ್ತೆ, ಅವಳ ಕೈಗೆ, ಬಾಯಿ ತೆರೆಯುತ್ತೆ —