ತಲೆ ಅರಳದ ಚಾಣ

ಕಲ್ಲು ಸೀಳುವ ಚಾಣ ಸಿಡಿದು, ಅದರ ಚಕ್ಕೆ ನನ್ನ ಗಂಡನ ಬಲಗಣ್ಣಿಗೆ ಹೊಕ್ಕಿತು. ಅವನು ಮುಖ ಹಿಡಿದುಕೊಂಡು ಕಲ್ಲುಪುಡಿಯಲ್ಲಿ ಕೂತಿದ್ದಾಗ ಓಡಿ ಬಂದ ಮೇಸ್ತ್ರಿ ಮೊದಲು ಸಿಡಿದ ಚಾಣವನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡ. ಆಮೇಲೆ ಲಾರಿ ಕರೆಸಿದ.

ಅಷ್ಟರಲ್ಲಿ ನಾನು ಜಲ್ಲಿ ಒಡೆಯುವ ಕಡೆಯಿಂದ ಓಡಿ ಬಂದು ಸೆರಗನ್ನು ಗಂಡನ ಮುಖಕ್ಕೆ ಒತ್ತಿ ಹಿಡಿದಿದ್ದೆ.

"ಯಾವ ಚಾಣ ಹಿಡಿದಿದ್ದ ನಿನ್ನ ಗಂಡ? ಗುಜರೀದಾ?" ಎಂದ ಮೇಸ್ತ್ರಿ.

ನಾನು ಸೆರಗಿನ ಇನ್ನೊಂದು ಮಡಿಕೆ ತೆಗೆದು ಒತ್ತಿದೆ.

"ಗುಜರೀದೇ ಇರ್ಬೇಕು," ಎಂದು ಅವನೇ ಹೇಳಿಕೊಂಡು, ಸುತ್ತ ನಿಂತವರ ಮುಖವನ್ನು ಒಂದೊಂದಾಗಿ ನೋಡಿದ. "ಕೇಳಿಸ್ತೇನ್ರೋ ಎಲ್ರಿಗೂ? ಗುಜರೀದು."

ಎಲ್ಲರೂ ನೆಲ ನೋಡಿದರು. ಅದು ಗಣಿಯ ಸ್ಟೋರಿನ ಹೊಸ ಚಾಣವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗಂಡ ಬೇಡ ಬೇಡವೆಂದರೂ ಹಠ ಹಿಡಿದು ಅದನ್ನು ಕೊಡಿಸಿದವಳು ನಾನು ಎಂಬುದು ಮಾತ್ರ ನಮ್ಮಿಬ್ಬರಿಗೇ ಗೊತ್ತಿದ್ದದ್ದು.

ಮೊದಲು ಗಣಿಯಲ್ಲಿ ಕುಲುಮೆಯಿತ್ತು. ಚಾಣದ ಬಾಯಿ ಮೊಂಡಾದರೆ ಕಮ್ಮಾರ ಕಾಯಿಸಿ, ಬಡಿದು, ನೀರಿಗದ್ದಿ ಕೊಡುತ್ತಿದ್ದ. ಧಣಿ ಕುಲುಮೆ ಮುಚ್ಚಿಸಿ ಅದೇ ಜಾಗದಲ್ಲಿ ಸ್ಟೋರು ತೆಗೆದ. ನೀಲಿ ಬಣ್ಣ ಬಳಿದ ಹೊಸ ಚಾಣಗಳನ್ನು ಗಾಜಿನ ಹಿಂದೆ ಸಾಲಾಗಿ ನಿಲ್ಲಿಸಿದ್ದರು. ಅಲ್ಲೇ ಕೊಳ್ಳಬೇಕೆಂದು ಯಾರೂ ಹೇಳಲಿಲ್ಲ. ಕೊಂಡವರಿಗೆ ನೆರಳಿನ ಬದಿಯ ಬಂಡೆ, ಕೊಳ್ಳದವರಿಗೆ ಬಿಸಿಲಿನ ಬದಿಯದು. ಅಷ್ಟೇ.

ನನ್ನ ಗಂಡ ಬಿಸಿಲಿನ ಬದಿಯವನು. ಬಸ್ ನಿಲ್ದಾಣದ ಹಿಂದಿನ ಗುಜರಿ ಅಂಗಡಿಯಲ್ಲಿ ಹಳೆಯ ಚಾಣ ಕೊಳ್ಳುತ್ತಿದ್ದ. ಅಂಗಡಿಯ ಮುದುಕಿ ಗೋಣಿಯ ಮೇಲೆ ರಾಶಿ ಸುರಿದು ಕೂತಿರುತ್ತಿದ್ದಳು. ಇವನು ಒಂದೊಂದನ್ನೇ ಎತ್ತಿ, ದಾರಕ್ಕೆ ಕಟ್ಟಿ ತೂಗಿಬಿಟ್ಟು, ಉಗುರಿನಿಂದ ಮೀಟಿ ಕಿವಿಗೊಡುತ್ತಿದ್ದ. ಬಿರುಕಿಲ್ಲದ ಕಬ್ಬಿಣದ ನಾದ ಬೇಗ ನಿಲ್ಲುವುದಿಲ್ಲವಂತೆ.

"ಬಾಯಿ ಗಟ್ಟಿ ಇರ್ಬೇಕು, ತಲೆ ಮೆತ್ತಗಿರ್ಬೇಕು," ಎನ್ನುತ್ತಿದ್ದ ನನಗೆ. "ಉಲ್ಟಾ ಆದ್ರೆ ಅದು ಚಾಣ ಅಲ್ಲ ಕಣೆ, ನಮ್ಮ ಮೇಸ್ತ್ರಿ."

ಮುದುಕಿ ಇದ್ದೊಂದು ಹಲ್ಲನ್ನೂ ತೋರಿಸಿ ನಗುತ್ತಿದ್ದಳು.

ತಲೆ ಮೆತ್ತಗಿರುವ ಚಾಣ ಏಟು ತಿಂದು ತಿಂದು ಅಣಬೆಯಂತೆ ಅರಳುತ್ತದೆ. ಅರಳಿದ ಅಂಚು ಒಂದು ದಿನ ಕಿತ್ತು ಗುಂಡಿನಂತೆ ಹಾರುತ್ತದೆ. ಅದಕ್ಕೇ ವಾರದ ರಜೆಯ ದಿನ ನನ್ನ ಗಂಡ, ಗಣಿಯವರು ಇರಲು ಕೊಟ್ಟ ಶೆಡ್ಡಿನ ಬಾಗಿಲಲ್ಲಿ ಅರ ಹಿಡಿದು ಕೂರುತ್ತಿದ್ದ. ಇದ್ದಬದ್ದ ಚಾಣಗಳ ತಲೆ ಉಜ್ಜಿ, ಅಂಚು ತೆಗೆದು, ಹೆಬ್ಬೆರಳಲ್ಲಿ ಸವರಿ ನೋಡಿದ ಮೇಲೆಯೇ ಊಟಕ್ಕೆ ಏಳುತ್ತಿದ್ದದ್ದು. "ತಲೆ ಅರಳಿದ ಚಾಣಕ್ಕೆ ಏಟು ಹಾಕೋನು ಕಲ್ಲುಕುಟಿಗ ಅಲ್ಲ, ಕೊಲೆಗಾರ," ಎನ್ನುತ್ತಿದ್ದ. ಗಣಿಯಲ್ಲಿ ಪ್ರತಿಯೊಬ್ಬನೂ ತನ್ನ ಚಾಣಕ್ಕೆ ಒಂದು ಗುರುತು ಕೊರೆದುಕೊಳ್ಳುತ್ತಾನೆ. ಇವನದು ಎರಡು ಗೆರೆ.

ನನಗೆ ಮಾತ್ರ ಹಳೆಯದೆಂದರೆ ಆಗುತ್ತಿರಲಿಲ್ಲ. ನಾನು ಉಟ್ಟ ಸೀರೆ ಬೇರೆ ಯಾರೋ ಉಟ್ಟು ಬಿಟ್ಟದ್ದು. ನಮ್ಮ ಪಾತ್ರೆಯ ಮೇಲೆ ಇನ್ಯಾರದೋ ಹೆಸರು. ಚಪ್ಪಲಿಯಲ್ಲಿ ಇನ್ಯಾರದೋ ಪಾದ ಕೊರೆದ ಹಳ್ಳ. ನನ್ನ ಹೆಬ್ಬೆರಳು ಅದರಲ್ಲಿ ಕೂರುವುದೇ ಇಲ್ಲ. ಇನ್ನು ನಾನು? ಮೊದಲ ಗಂಡ ಗೋಡೆ ಬಿದ್ದು ಸತ್ತ. ಇವನು ಎರಡನೆಯವನು. ಇವನು ನನ್ನನ್ನು ಶೆಡ್ಡಿಗೆ ಕರೆತಂದ ದಿನ ಮೇಸ್ತ್ರಿ ಎಲ್ಲರೆದುರು ಕೇಳಿದ್ದ: "ಏನೋ, ಹೆಂಡ್ತೀನೂ ಗುಜರೀಲೇ ತಂದ್ಯಾ?"

ಜನ ನಕ್ಕರು. ಇವನೂ ನಕ್ಕ. "ಹೂಂ ಮೇಸ್ತ್ರಿ. ಹಳೇ ಕಬ್ಬಿಣ, ಹದ ಚೆನ್ನಾಗಿದೆ."

ಒಳಗೆ ಬಂದ ಮೇಲೆ ನನ್ನ ಮುಖ ನೋಡಿ, "ನಗದೇ ಇದ್ದಿದ್ರೆ ಆ ಬೋಳಿಮಗನಿಗೆ ಹೊಡೀಬೇಕಾಗ್ತಿತ್ತು. ಹೊಡೆದಿದ್ರೆ ಈ ಸೂರು ಇರ್ತಿರ್ಲಿಲ್ಲ," ಎಂದ. ನನಗೆ ಅರ್ಥವಾಯಿತು. ಆದರೆ ಅವರ ನಗು ನನ್ನ ಮೈಮೇಲಿಂದ ಇಳಿಯಲಿಲ್ಲ.

ಹೀಗಿರುವಾಗ ಒಂದು ದಿನ ಇನ್ನೊಂದು ಚಾಣ ಬೇಕಾಗಿ ಇಬ್ಬರೂ ಗುಜರಿ ಅಂಗಡಿಗೆ ಹೋದೆವು. ಮುದುಕಿ ಮೂರು ಚಾಣದ ಕಟ್ಟೊಂದನ್ನು ಮುಂದೆ ಇಟ್ಟಳು. ಹಿಡಿಯುವ ಜಾಗಕ್ಕೆ ಬಟ್ಟೆ ಸುತ್ತಿತ್ತು. ಬಟ್ಟೆಯಲ್ಲಿ ಬೆವರಿನ ಕಲೆ.

"ಯಾರದಮ್ಮ ಇವು?" ಎಂದೆ.

"ಯಾರೋ ಹುಡುಗಿ ತಂದು ಕೊಟ್ಟು ಹೋದ್ಲು ಕಣವ್ವ. ಗಂಡ ಹೋದನಂತೆ. ಬಟ್ಟೆ ಬಿಚ್ಬೇಡಿ ಅಂದ್ಲು. ನಾನೂ ಬಿಚ್ಚಿಲ್ಲ."

"ಸತ್ತೋನ ಚಾಣ ನಮ್ಮನೆಗೆ ಬೇಡ," ಎಂದೆ.

ಇವನು ಆಗಲೇ ಒಂದನ್ನು ತೂಗಿಬಿಟ್ಟು ಮೀಟಿದ್ದ. ಅದರ ನಾದ ಬಹಳ ಹೊತ್ತು ನಿಲ್ಲಲಿಲ್ಲ. "ಸಾಯದೋರ ಚಾಣ ಎಲ್ಲಿ ಸಿಗ್ತದೆ ಹೇಳು, ಅದನ್ನೇ ತಗೊಳ್ಳಾಣ."

ನನಗೆ ನಗು ಬರಲಿಲ್ಲ. "ಒಂದು ಸಲ, ಒಂದೇ ಒಂದು ಸಲ ಹೊಸದು ತಗೋ. ನಮ್ಮ ಕೈಯಿಂದಲೇ ಶುರುವಾಗಿದ್ದು ಅಂತ ಮನೇಲಿ ಒಂದಾದ್ರೂ ಇರ್ಲಿ. ನೆರಳಲ್ಲಿ ಕೂತು ಕೆಲ್ಸ ಮಾಡು. ನಿಂಗೆ ಕೈ ಮುಗೀತೀನಿ."

ಅವನು ನನ್ನನ್ನು ನೋಡಿದ. ಚಾಣದ ದಾರ ಬಿಚ್ಚಿ, ಅದನ್ನು ಉಳಿದೆರಡರ ಜೊತೆ ಜೋಡಿಸಿಟ್ಟ. ಮುದುಕಿಗೆ, "ಹೋಗ್ಬರ್ತೀನಿ ತಾಯಿ," ಎಂದ.

ಹೊಸ ಚಾಣ ಬಂದ ಮೂರನೆಯ ದಿನ ಊಟಕ್ಕೆ ಕೂತಾಗ ಅಂಗೈ ಉಜ್ಜಿಕೊಳ್ಳುತ್ತಿದ್ದ. "ಏಟು ಕಲ್ಲಿಗೆ ಹೋಗಲ್ಲ ಕಣೆ, ಕೈಗೇ ವಾಪಸ್ ಬರ್ತದೆ. ತಲೆಯಿಂದ ಬಾಯಿ ತನಕ ಒಂದೇ ಗಟ್ಟಿ. ಹದಾನೇ ಇಲ್ಲ."

"ಹೊಸದಲ್ವಾ, ಪಳಗ್ತದೆ," ಎಂದೆ ನಾನು.

ಹನ್ನೊಂದನೆಯ ದಿನ ಅದು ಸಿಡಿಯಿತು.

ಆಸ್ಪತ್ರೆಯಲ್ಲಿ ಅವನ ಎರಡೂ ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಬಲಗಣ್ಣು ಹೋಯಿತು, ಎಡಗಣ್ಣು ಉಳಿಯುತ್ತದೆ ಎಂದರು ಡಾಕ್ಟರು. ಅತ್ತೆ ಮೇಸ್ತ್ರಿಯ ಮಾತನ್ನೇ ನಂಬಿ, ಮಂಚದ ಕಾಲ ಬಳಿ ಕೂತು ಒಂದೇ ಸಮನೆ ಗೊಣಗುತ್ತಿದ್ದಳು.

"ಬಡ್ಕೊಂಡೆ. ಆ ಗುಜರಿ ಕಬ್ಬಿಣ ಬೇಡ ಕಣೋ, ಯಾರ್ಯಾರ ಪಾಪ ಅಂಟ್ಕೊಂಡಿರ್ತದೋ ಅಂತ ಬಡ್ಕೊಂಡೆ. ಕೇಳಿದ್ನಾ? ಮನೆಹಾಳು ಕಬ್ಬಿಣ, ನನ್ನ ಮಗನ ಕಣ್ಣು ತಿಂತು."

ನಾನು ಹೊದಿಕೆಯ ಮಡಿಕೆ ಸರಿಮಾಡಿದೆ. ಅವನು, "ಅವ್ವಾ, ಒಂಚೂರು ಟೀ ತರ್ತೀಯಾ?" ಎಂದು ತಾಯಿಯನ್ನು ಹೊರಗೆ ಕಳಿಸಿದ.

"ಮುರಿದ ಜಾಗ ನೋಡಿದ್ಯಾ?" ಎಂದ ನನ್ನ ದನಿಯಿದ್ದ ಕಡೆ ತಿರುಗಿ.

"ಇಲ್ಲ."

"ಒಳಗೆ ಸಕ್ಕರೆ ಹರಳಿನ ಥರ ಇರ್ತದೆ. ಹದ ತಪ್ಪಿದ ಕಬ್ಬಿಣ ಹಾಗೇ ಒಡೆಯೋದು. ಗೊತ್ತಿರೋನು ಒಂದು ಸಲ ನೋಡಿದ್ರೆ ಸಾಕು."

"ಮೇಸ್ತ್ರಿ ಎತ್ಕೊಂಡು ಹೋದ."

ಅವನ ಹೆಬ್ಬೆರಳು ಮಂಚದ ಅಂಚನ್ನು ಸವರತೊಡಗಿತು. ನನಗೆ ತಡೆಯಲಾಗಲಿಲ್ಲ. "ನನ್ನ ಬಯ್ಯಿ. ನಿನ್ನ ಕಾಲಿಗೆ ಬೀಳ್ತೀನಿ, ಒಂದ್ಸಲ ಬಾಯ್ತುಂಬ ಬಯ್ಯಿ."

"ಬೈದ್ರೆ ಕಣ್ಣು ಬರ್ತದಾ? ಅಳಬಾರದು ಅಂದವ್ರೆ ಡಾಕ್ಟ್ರು. ಅಳಿಸ್ಬೇಡ." ಆಮೇಲೆ ಮೆಲ್ಲಗೆ ಹೇಳಿದ: "ಕಣ್ಣಿಗಿಂತ ಅದೊಂದೇ ಬೇಜಾರು ಕಣೆ. ಕೆಲ್ಸ ಬರದೋನು ಅಂತ ಬರ್ಕೊಂತಾರೆ. ತಲೆ ಅರಳಿದ್ದನ್ನ ಉಜ್ಜದೇ ಹೊಡೆದ ಅಂತ ಬರೀತಾರೆ. ನೋಡ್ತಿರು."

ನಾಲ್ಕನೆಯ ದಿನ ಗಣಿಯ ಆಫೀಸಿನಿಂದ ಕರೆ ಬಂತು. ಗುಮಾಸ್ತ ಮೇಜಿನ ಹಿಂದೆ ಕೂತಿದ್ದ. ಮೇಸ್ತ್ರಿ ಬಾಗಿಲಿಗೆ ಒರಗಿ ನಿಂತಿದ್ದ. ನನ್ನನ್ನು ಕೂರಿಸಲಿಲ್ಲ.

"ಇವತ್ತು ಮಧ್ಯಾಹ್ನ ಕಾರ್ಮಿಕ ಇಲಾಖೆ ಸಾಹೇಬ್ರು ಬರ್ತಾರೆ," ಎಂದ ಗುಮಾಸ್ತ. "ಚಾಣ ಕೇಳ್ತಾರೆ. ನಿನ್ನ ಗಂಡನ ಗುರುತಿರೋ ಹಳೇದು ಮನೇಲಿದೆಯಲ್ಲ, ಒಂದು ತಂದ್ಕೊಡು."

"ಯಾಕೆ ಸ್ವಾಮಿ?"

"ಅದೇ ಸಿಡಿದದ್ದು ಅಂತ."

ಇಷ್ಟು ಸಲೀಸಾಗಿ ಹೇಳಿದ. ನೀರು ಕೊಡು ಎಂದ ಹಾಗೆ.

"ಸ್ಟೋರಿಂದು ಅಂತಾದ್ರೆ ಸ್ಟೋರು ಮುಚ್ಚಿಸ್ತಾರೆ. ಪರಿಹಾರ ಕೊಡಿ ಅಂತಾರೆ. ಧಣಿ ಮನಸ್ಸು ಕೆಡ್ತದೆ. ಅವರ ಮನಸ್ಸು ಕೆಟ್ಮೇಲೆ ನಿಮಗ್ಯಾವ ಶೆಡ್ಡು? ತಂದ್ಕೊಟ್ರೆ ಇದ್ದಲ್ಲೇ ಇರಿ. ನಿನ್ನ ಗಂಡನಿಗೆ ಗೇಟಲ್ಲಿ ಕಾವಲು ಕೆಲ್ಸ ಕೊಡಿಸ್ತೀನಿ. ಕಾವಲಿಗೆ ಒಂದು ಕಣ್ಣು ಸಾಕು."

"ಅರ್ಧ ಗೇಟು ಕಾಯ್ತಾನೆ ಬಿಡಿ," ಎಂದು ಮೇಸ್ತ್ರಿ ಹಲ್ಲು ಕಿರಿದ.

ನಾನು ಶೆಡ್ಡಿಗೆ ಹೋದೆ. ನಿಜ ಹೇಳಬೇಕು: ಹೋಗುವಾಗ ನನ್ನ ಎದೆ ಹಗುರಾಗಿತ್ತು. ಸೂರು ಉಳಿಯಿತೆಂದಷ್ಟೇ ಅಲ್ಲ. ಸಿಡಿದದ್ದು ಹಳೆಯ ಚಾಣವೆಂದು ಕಾಗದದಲ್ಲಿ ಬಂದರೆ, ಕೊಡಿಸಿದವಳು ನಾನಲ್ಲ. ಅತ್ತೆ ಸಾಯುವ ತನಕ ಗುಜರಿ ಕಬ್ಬಿಣವನ್ನೇ ಶಪಿಸಿಕೊಂಡಿರುತ್ತಾಳೆ. ಅವನಂತೂ ಬಾಯಿ ಬಿಡುವುದಿಲ್ಲ. ನಾನು ಗೋಣಿಚೀಲಕ್ಕೆ ಕೈ ಹಾಕಿ ಕೈಗೆ ಸಿಕ್ಕ ಮೊದಲನೆಯದನ್ನೇ ಎತ್ತಿಕೊಂಡು, ಯಾರಾದರೂ ತಡೆದಾರೆಂಬ ಹಾಗೆ ಬಿರಬಿರನೆ ಬಂದೆ.

ಗುಮಾಸ್ತ ಅದನ್ನು ಹೊರಳಿಸಿ ಹೊರಳಿಸಿ ನೋಡಿದ. "ಏನಪ್ಪಾ ಇದು? ನಮ್ಮ ಹೊಸದಕ್ಕಿಂತ ಚೆನ್ನಾಗಿದೆ!"

ತಲೆ ಗುಂಡಗಿತ್ತು. ಅರ ಎಳೆದ ಗೆರೆಗಳು ಸಣ್ಣಗೆ ಹೊಳೆಯುತ್ತಿದ್ದವು.

"ಇದನ್ನ ತೋರ್ಸಿದ್ರೆ ಸಾಹೇಬ್ರು ಉಗೀತಾರೆ. ತಲೆ ಅರಳಿರ್ಬೇಕು. ಅಂಚಲ್ಲಿ ಒಂದು ಚಕ್ಕೆ ಹಾರಿರ್ಬೇಕು."

"ಮೆತ್ತಗಿನ ತಲೆ. ನೂರು ಏಟು ಹಾಕಿದ್ರೆ ತಾನೇ ಅರಳ್ತದೆ," ಎಂದು ಮೇಸ್ತ್ರಿ ಮೂಲೆಯಲ್ಲಿದ್ದ ಸುತ್ತಿಗೆಗೆ ಕೈ ಹಾಕಿದ.

"ನೀನು ಬೇಡ. ನಾಳೆ ಮಾತು ಬಂದ್ರೆ ನಮ್ಮ ತಲೆಗೆ ಬರ್ತದೆ. ಅವಳ ಕೈಲೇ ಮಾಡ್ಸು."

ಆಫೀಸಿನ ಹೊರಗೆ ಒಂದು ಬಂಡೆಯಿತ್ತು. ಮೇಸ್ತ್ರಿ ನನ್ನನ್ನು ಅದರ ಮುಂದೆ ಕೂರಿಸಿದ. ನೀರಿನ ಟ್ಯಾಂಕಿನ ಹತ್ತಿರ ಊಟಕ್ಕೆ ಬಂದಿದ್ದವರು ಕೈ ತೊಳೆಯುವುದನ್ನು ಬಿಟ್ಟು ನೋಡತೊಡಗಿದರು. ಸುದ್ದಿ ಕೇಳಿ ಅತ್ತೆಯೂ ಬಂದಳು.

"ಅದೇನು ಹೇಳ್ತಾರೋ ಮಾಡೇ ಮಗಳೇ," ಎಂದಳು. "ಇರೋ ಸೂರಾದ್ರೂ ಉಳೀಲಿ. ಕಣ್ಣಿಲ್ದೋನ್ನ ಕಟ್ಕೊಂಡು ಎಲ್ಲಿಗೆ ಹೋಗೋದು?"

ನಾನು ಚಾಣವನ್ನು ನೆಟ್ಟಗೆ ಹಿಡಿದು ಒಂದು ಏಟು ಹಾಕಿದೆ.

"ಒಂದು," ಎಂದ ಮೇಸ್ತ್ರಿ.

ಏಟು ಬಿದ್ದ ಕಡೆ ಅರದ ಗೆರೆಗಳು ಅಳಿಸಿಹೋಗಿದ್ದವು. ಅಂಚು ಒಂದು ಕೂದಲೆಳೆಯಷ್ಟು ಎದ್ದಿತ್ತು. ನನಗೆ ತಿಳಿಯದೆಯೇ ಹೆಬ್ಬೆರಳು ಅದನ್ನು ಸವರಿ ನೋಡಿತು, ಅವನು ಸವರುತ್ತಿದ್ದ ಹಾಗೆ. ಸಣ್ಣಗೆ ಚುಚ್ಚಿತು.

ನಾನು ಚಾಣವನ್ನು ಬಂಡೆಯ ಮೇಲಿಟ್ಟು, ಸುತ್ತಿಗೆ ಕೆಳಗಿಟ್ಟೆ.

"ಏನಾಯ್ತೇ? ಕೈ ನೋಯ್ತಾ ರಾಣಿಗೆ?"

"ಅತ್ತೆ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಂದು ಸಲ ಜೋರಾಗಿ ಕರೆದೆ. "ಅತ್ತೆ, ಸಿಡಿದದ್ದು ಹಳೇದಲ್ಲ. ಸ್ಟೋರಿನ ಹೊಸದು. ನಿಮ್ಮ ಮಗ ಬೇಡ ಅಂದ. ನಾನೇ ಹಠ ಮಾಡಿ ಕೊಡಿಸಿದೆ."

ಟ್ಯಾಂಕಿನ ನಲ್ಲಿಯಿಂದ ನೀರು ಸುಮ್ಮನೆ ಸುರಿಯುತ್ತಿತ್ತು. ಯಾರೂ ನಿಲ್ಲಿಸಲಿಲ್ಲ. ಅತ್ತೆ ಮೆಲ್ಲಗೆ ನಡೆದು ಬಂದು ನನ್ನ ಮುಂದೆ ನಿಂತಳು. ಕೈಯೆತ್ತಿ ನನ್ನ ಕೆನ್ನೆಗೆ ಹೊಡೆದಳು. ಅರವತ್ತು ವರ್ಷ ಕಲ್ಲು ಹೊತ್ತ ಕೈ. ನನ್ನ ಕಿವಿ ಗುಂಯ್‌ಗುಟ್ಟಿತು.

"ಆಯ್ತಲ್ಲ ಮನೆ ಜಗಳ?" ಎಂದ ಮೇಸ್ತ್ರಿ. "ಈಗ ಹೊಡಿ ಮುಂಡೆ. ಇನ್ನೂ ತೊಂಬತ್ತೊಂಬತ್ತಿದೆ."

"ಹೊಡೆಯಲ್ಲ."

"ಏನಂದೆ?"

"ನನ್ನ ಗಂಡ ಕೆಲ್ಸ ಬಲ್ಲೋನು. ಇದರ ತಲೆ ಅರಳಿಸಿ ಅವನಿಗೆ ಕೆಲ್ಸ ಬರಲ್ಲ ಅನ್ಸೋಕೆ ನನ್ನ ಕೈಲಾಗಲ್ಲ."

ದೂರದ ತಿರುವಿನಲ್ಲಿ ಸಾಹೇಬರ ಗಾಡಿಯ ಧೂಳೆದ್ದಿತು. ಗುಮಾಸ್ತ ಕಿಟಕಿಯಿಂದ ತಲೆ ಹಾಕಿ, "ಬೇಗ! ಬೇಗ!" ಎಂದ. ಮೇಸ್ತ್ರಿ ನನ್ನ ಭುಜಕ್ಕೆ ಕಾಲು ಕೊಟ್ಟು ಪಕ್ಕಕ್ಕೆ ತಳ್ಳಿ, ಸುತ್ತಿಗೆ ಎತ್ತಿ ಅತ್ತೆಯ ಕಡೆ ಚಾಚಿದ.

"ಇವಳಿಗೆ ತಲೆ ಕೆಟ್ಟಿದೆ. ಅಜ್ಜಿ, ನೀನು ಹಾಕು. ನಿನ್ನ ಮಗನ ಕಣ್ಣು ತಿಂದೋಳು ಇವಳು, ಗೊತ್ತಾಯ್ತಲ್ಲ? ಸೂರಾದ್ರೂ ನೀನು ಉಳಿಸ್ಕೋ."

ಅತ್ತೆ ಬಗ್ಗಿ ಬಂಡೆಯ ಮೇಲಿನ ಚಾಣ ಎತ್ತಿಕೊಂಡಳು. ಎರಡು ಗೆರೆಯ ಗುರುತನ್ನು ಬಿಸಿಲಿಗೆ ಹಿಡಿದು ನೋಡಿದಳು. ಅದರ ಮಣ್ಣನ್ನು ಸೆರಗಿನಿಂದ ಒರೆಸಿ, ಸೆರಗಿನಲ್ಲೇ ಸುತ್ತಿ, ಹೊಟ್ಟೆಗೆ ಒತ್ತಿ ಹಿಡಿದು ನೆಲಕ್ಕೆ ಕೂತಳು. ನನ್ನ ಕಡೆ ನೋಡಲಿಲ್ಲ. ಆಮೇಲೂ ಎಷ್ಟೋ ದಿನ ನೋಡಲಿಲ್ಲ.

"ಹಿಡ್ಕೊಳ್ಳಜ್ಜಿ ಸುತ್ತಿಗೆ," ಎಂದ ಮೇಸ್ತ್ರಿ. "ಗಾಡಿ ಬಂತು."

"ಹಿಡಿಯಲ್ಲ," ಎಂದಳು ಅತ್ತೆ.